ಫಿಲಿಪೀನ್ಸ್‌ನ ನೆಲ ಯಾರ ಹೆಸರಿಗಿತ್ತು?

ಜಮೀನು ವ್ಯಾಜ್ಯಗಳನ್ನೇ ನಡೆಸುವ ವಕೀಲ ನಾನು. ಹಾಗಾಗಿ ಯಾವ ದೇಶದ ಇತಿಹಾಸ ಓದಿದರೂ ಮೊದಲು ಹುಡುಕುವುದು ಇದನ್ನೇ: ಉಳುತ್ತಿದ್ದವರು ಯಾರು, ದಾಖಲೆ ಯಾರ ಹೆಸರಲ್ಲಿತ್ತು? ಫಿಲಿಪೀನ್ಸ್ ಕಥೆಯನ್ನು ಸಾಮಾನ್ಯವಾಗಿ ಇಸವಿಗಳಲ್ಲಿ ಮುಗಿಸಿಬಿಡುತ್ತಾರೆ. 1565ರಿಂದ ಸ್ಪೇನ್, 1898ರಿಂದ ಅಮೆರಿಕ, ನಡುವೆ ಮೂರು ವರ್ಷ ಜಪಾನ್, 1946ರಲ್ಲಿ ಸ್ವಾತಂತ್ರ್ಯ. ಅಲ್ಲಿನ ರೈತನ ಕಡೆ ನಿಂತು ನೋಡಿ, ಬಾವುಟ ಬದಲಾದಾಗಲೆಲ್ಲ ಜಮೀನಿನ ಲೆಕ್ಕ ಮಾತ್ರ ಹಳೆಯದೇ ಮುಂದುವರಿಯಿತು.

ಸ್ಪೇನಿನ ವಾದ ಇಷ್ಟೇ: ಗೆದ್ದ ನೆಲವೆಲ್ಲ ರಾಜನದು, ಅವನು ಕೊಟ್ಟವರಿಗಷ್ಟೇ ಹಕ್ಕು. ಮನಿಲಾ ಸುತ್ತಮುತ್ತಲ ಫಲವತ್ತಾದ ಜಮೀನು ದೊಡ್ಡ ಪ್ರಮಾಣದಲ್ಲಿ ಕ್ರೈಸ್ತ ಸನ್ಯಾಸಿ ಸಂಘಗಳ ಕೈಗೆ ಹೋಯಿತು. ಕಲಾಂಬಾ ಊರನ್ನೇ ತಗೊಳ್ಳಿ. ಅಲ್ಲಿನ ಎಸ್ಟೇಟು ಡೊಮಿನಿಕನ್ ಸಂಘದ್ದು, ಫಿಲಿಪೀನ್ಸ್‌ನ ರಾಷ್ಟ್ರನಾಯಕ, ಲೇಖಕ ಹೋಸೆ ರಿಸಾಲ್ ಅವರ ಮನೆಯವರೂ ಅದರ ಗೇಣಿದಾರರು. 1887ರಲ್ಲಿ ಸರ್ಕಾರ ಎಸ್ಟೇಟಿನ ವಿವರ ಕೇಳಿದಾಗ ರಿಸಾಲ್ ಊರವರ ಜೊತೆ ಸೇರಿ ಗೇಣಿ ಹೇಗೆಲ್ಲ ಏರಿಸಿದ್ದಾರೆಂದು ವರದಿ ಸಿದ್ಧಪಡಿಸಿದರು. ಒಕ್ಕಲುಗಳು ಗೇಣಿ ನಿಲ್ಲಿಸಿದರು, ಸಂಘ ಕೋರ್ಟಿಗೆ ಹೋಗಿ ಗೆದ್ದಿತು, ಕೊನೆಗೆ ಗವರ್ನರ್ ಜನರಲ್ ವೈಲರ್ ಸೈನ್ಯ ಕಳಿಸಿ ಜನರನ್ನು ಮನೆಯಿಂದ ಹೊರಹಾಕಿಸಿದ. ರಿಸಾಲ್ ಕುಟುಂಬವೂ ಬೀದಿಗೆ ಬಿತ್ತು. 1896ರ ಡಿಸೆಂಬರ್ 30ರಂದು ರಿಸಾಲರನ್ನೇ ಗುಂಡಿಟ್ಟು ಕೊಂದರು.

1894ರಲ್ಲಿ ಇನ್ನೊಂದು ಕಾನೂನು ಬಂತು. ಒಂದು ವರ್ಷದೊಳಗೆ ಹಕ್ಕುಪತ್ರ ಮಾಡಿಸಿಕೊಳ್ಳದ ಜಮೀನು ಸರ್ಕಾರಕ್ಕೆ ವಾಪಸ್! ತಲೆಮಾರುಗಳಿಂದ ಉಳುತ್ತಿದ್ದು, ಅರ್ಜಿ ಹಾಕಬೇಕೆಂದೇ ಗೊತ್ತಿಲ್ಲದ ಬೆಟ್ಟದ ಜನಕ್ಕೆ ಇದು ಎಂಥಾ ಹೊಡೆತ ಅಂತ ಯೋಚಿಸಿ.

ಆಮೇಲೆ ಅಮೆರಿಕ. ಫಿಲಿಪಿನೋಗಳು 1898ರ ಜೂನ್ 12ರಂದೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು. ಸನ್ಯಾಸಿ ಸಂಘಗಳ ಎಸ್ಟೇಟುಗಳೆಲ್ಲ ತಮ್ಮ ರಾಷ್ಟ್ರಕ್ಕೆ ಸೇರಿದವು ಅಂತ ತಾವೇ ರಚಿಸಿಕೊಂಡ ಮಾಲೋಲೋಸ್ ಸಂವಿಧಾನದಲ್ಲೇ ಬರೆದರು. ಅವರನ್ನು ಯಾರೂ ಕೇಳಲಿಲ್ಲ. ಸ್ಪೇನ್-ಅಮೆರಿಕ ಯುದ್ಧ ಮುಗಿಸಿದ ಪ್ಯಾರಿಸ್ ಒಪ್ಪಂದದಲ್ಲಿ ಅಮೆರಿಕ 2 ಕೋಟಿ ಡಾಲರ್ ಕೊಟ್ಟು ದ್ವೀಪಗಳನ್ನು ಸ್ಪೇನಿನಿಂದ ಪಡೆಯಿತು, ಚರ್ಚಿನ ಆಸ್ತಿಗೆ ಧಕ್ಕೆ ತರುವುದಿಲ್ಲ ಅಂತಲೂ ಒಪ್ಪಿಕೊಂಡಿತು. ನನ್ನ ಮಟ್ಟಿಗೆ ಇಡೀ ಒಪ್ಪಂದದಲ್ಲಿ ರೈತನಿಗೆ ಆದ ದೊಡ್ಡ ಮೋಸ ಆ ಒಂದು ಕಲಮು. ಫಿಲಿಪಿನೋಗಳಿಗೂ ಅಮೆರಿಕಕ್ಕೂ ಯುದ್ಧ ನಡೆದು ಲಕ್ಷಗಟ್ಟಲೆ ಜನ ಸತ್ತ ಮೇಲೆ, 1903ರಲ್ಲಿ ಸುಮಾರು 4 ಲಕ್ಷ ಎಕರೆ ಸಂಘದ ಜಮೀನನ್ನು 70 ಲಕ್ಷ ಡಾಲರಿಗೂ ಜಾಸ್ತಿ ಕೊಟ್ಟು ಸರ್ಕಾರ ಖರೀದಿಸಿತು, ಅದನ್ನು ಒಕ್ಕಲುಗಳಿಗೇ ಕಂತಿನ ಮೇಲೆ ಮಾರಲು ಹೊರಟಿತು. ಅಂದರೆ ತಾತನ ಕಾಲದಿಂದ ಉಳುತ್ತಿದ್ದ ಗದ್ದೆಗೆ ಮೊಮ್ಮಗ ಬಡ್ಡಿ ಸಮೇತ ದುಡ್ಡು ಕಟ್ಟಬೇಕು. ಕಟ್ಟಲಾಗದ ಕಡೆ ಜಮೀನು ಉಳ್ಳವರ ಪಾಲಾಯಿತು. ಹೊಸ ನೋಂದಣಿ ಪದ್ಧತಿಯೂ ಬಂತು. ಸರ್ವೆ ಖರ್ಚು, ವಕೀಲರ ಫೀಸು ಯಾರಿಗೆ ಸಾಧ್ಯವೋ ಅವರ ಹೆಸರೇ ದಾಖಲೆ ಸೇರಿತು.

ಇದರ ನಡುವೆ ಒಂದು ಕೇಸು ಇದೆ, ಭೂಮಿ ಕಾನೂನು ಓದುವವರು ತಪ್ಪದೆ ನೋಡಬೇಕಾದ್ದು. ಬೆಂಗೆಟ್ ಬೆಟ್ಟಸೀಮೆಯ ಇಬಲೋಯ್ ಜನಾಂಗದ ಮಾಟೆಯೊ ಕರಿನ್ಯೊ ಎಂಬಾತ ಸುಮಾರು 146 ಹೆಕ್ಟೇರು ನೆಲಕ್ಕೆ ಹಕ್ಕು ಕೇಳಿದ. ಸ್ಪೇನ್ ಕೊಟ್ಟ ಪತ್ರ ಅವನ ಬಳಿ ಇರಲಿಲ್ಲ. ಇದ್ದದ್ದು ಹಿರಿಯರು ದನಕ್ಕಾಗಿ ಹಾಕಿದ ಬೇಲಿ, ಬೇಸಾಯ, ಅಪ್ಪನಿಂದ ಮಗನಿಗೆ ಬಂದ ರೂಢಿ. ಸರ್ಕಾರ ಎಂದಿನಂತೆ 'ಪತ್ರ ಎಲ್ಲಿ?' ಎಂದಿತು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1909ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಕೊಟ್ಟ ತೀರ್ಪಿನ ತಿರುಳು ಹೀಗಿದೆ: ಜನರ ನೆನಪು ಹೋಗುವಷ್ಟು ಹಿಂದಿನಿಂದಲೂ ಖಾಸಗಿ ಒಡೆತನದಲ್ಲಿದ್ದ ನೆಲ ಸ್ಪೇನ್ ಬರುವ ಮುಂಚೆಯೂ ಹಾಗೇ ಇತ್ತು, ಅದು ಯಾವತ್ತೂ ಸರ್ಕಾರಿ ಜಮೀನು ಆಗಿರಲೇ ಇಲ್ಲ ಅಂತಲೇ ಭಾವಿಸಬೇಕು. ಆಳುವವರ ಕೋರ್ಟಿನಿಂದಲೇ ಬಂದ ಮಾತಿದು. ಆದರೆ ಮೇಲಿನ ಕೋರ್ಟು ಹೇಳಿದ ಮಾತ್ರಕ್ಕೆ ಕೆಳಗಿನ ಕಚೇರಿ ಬದಲಾಗುವುದಿಲ್ಲ, ಅಲ್ವಾ? ಎಲ್ಲವೂ ರಾಜ್ಯದ ಸೊತ್ತು ಎಂಬ ಹಳೆಯ ನಂಬಿಕೆಯ ಮೇಲೆಯೇ ಭೂ ಆಡಳಿತ ನಡೆಯುತ್ತಾ ಹೋಯಿತು.

ಜಪಾನ್ ಕಾಲದ ಹಿಂಸೆಯದ್ದೇ ಬೇರೆ ಕಥೆ. ಇಲ್ಲಿಗೆ ಬೇಕಾದ್ದು ಇಷ್ಟು: ಲುಜೋನ್ ದ್ವೀಪದ ಮಧ್ಯಭಾಗದಲ್ಲಿ ಹುಕ್ ಗೆರಿಲ್ಲಾಗಳಾಗಿ ಜಪಾನಿನ ವಿರುದ್ಧ ಹೋರಾಡಿದವರು ಬಹುಪಾಲು ಗೇಣಿ ರೈತರೇ. ಯುದ್ಧ ಮುಗಿಯುತ್ತಲೇ ಓಡಿಹೋಗಿದ್ದ ಜಮೀನ್ದಾರರು ವಾಪಸ್ ಬಂದು ಹಳೆಯ ಗೇಣಿಬಾಕಿ ಕೇಳಿದರು. ಹುಕ್‌ಗಳ ನಾಯಕ ಲೂಯಿಸ್ ತಾರುಕ್ 1946ರ ಚುನಾವಣೆ ಗೆದ್ದರೂ ಸಂಸತ್ತಿನಲ್ಲಿ ಕೂರಲು ಬಿಡಲಿಲ್ಲ. ಅವರಂಥವರು ಹೊರಗಿದ್ದಾಗಲೇ, ನೈಸರ್ಗಿಕ ಸಂಪತ್ತಿನ ಮೇಲೆ ಅಮೆರಿಕನ್ನರಿಗೂ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿ ಪಾಸಾಯಿತು. ಆ ಹಕ್ಕು 1974ರವರೆಗೆ ಉಳಿಯಿತು.

ಕರಿನ್ಯೊ ತೀರ್ಪಿನ ಆಶಯ ಆದಿವಾಸಿಗಳ ಹಕ್ಕಿನ ಕಾನೂನಾಗಿ ಬಂದದ್ದು 1997ರಲ್ಲಿ. ಅದನ್ನೂ ಕೋರ್ಟಿಗೆ ಎಳೆದರು. 1987ರ ಸಂವಿಧಾನದಲ್ಲಿ ಸಾರ್ವಜನಿಕ ಭೂಮಿ, ಖನಿಜ, ಕಾಡು ಎಲ್ಲ ರಾಜ್ಯದ್ದೇ ಅಂತ ಇದೆಯಲ್ಲ, ಅದೇ ವಾದ. 2000ದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-7 ಸಮಬಲದಲ್ಲಿ ಒಡೆಯಿತು, ಬಹುಮತ ಸಿಗದ ಕಾರಣ ಅರ್ಜಿ ವಜಾ ಆಗಿ ಕಾನೂನು ಉಳಿದುಕೊಂಡಿತು.