ಕರಗಿದ್ದನ್ನ ಮತ್ತೆ ಫ್ರೀಜ್ ಮಾಡಬಹುದಾ?

ರಾತ್ರಿ ಅಡುಗೆಗೆ ಅಂತ ಬೆಳಗ್ಗೇನೇ ಚಿಕನ್ ಪ್ಯಾಕೆಟ್ ಫ್ರೀಜರಿಂದ ತೆಗೆದು ಕೆಳಗೆ ಫ್ರಿಜ್ಜಲ್ಲಿ ಇಟ್ಟಿರ್ತೀವಿ, ಸಂಜೆ ನೋಡಿದ್ರೆ ಊಟ ಹೊರಗೇ ಆಗೋಗುತ್ತೆ. ಈಗ ಆ ಪ್ಯಾಕೆಟ್ ಏನ್ ಮಾಡೋದು? ಒಂದ್ಸಲ ಕರಗಿದ್ದನ್ನ ಮತ್ತೆ ಫ್ರೀಜ್ ಮಾಡಿದ್ರೆ ವಿಷ ಆಗುತ್ತೆ ಅಂತ ಯಾರೋ ಯಾವತ್ತೋ ಹೇಳಿದ್ದು ತಲೇಲಿ ಕೂತಿರುತ್ತೆ, ಎಷ್ಟೋ ಜನ ಸೀದಾ ಕಸಕ್ಕೆ ಹಾಕಿಬಿಡ್ತಾರೆ. ನನಗೆ ಇದು ನಿಜಕ್ಕೂ ಸಂಕಟ ಆಗೋ ವಿಷಯ, ಯಾಕಂದ್ರೆ ಚೆನ್ನಾಗಿರೋ ಆಹಾರ ಹಂಗೆ ಹೋಗುತ್ತೆ. ಇನ್ನೊಂದ್ ಕಡೆ ಮಧ್ಯಾಹ್ನದವರೆಗೂ ಅಡುಗೆಮನೆ ಕಟ್ಟೆ ಮೇಲೆ ಬಿದ್ದಿದ್ದ ಮಾಂಸಾನ ವಾಪಸ್ ಫ್ರೀಜರಿಗೆ ಇಟ್ಟು ಇನ್ನೇನು ತೊಂದರೆ ಇಲ್ಲ ಅಂದ್ಕೊಳ್ಳೋರೂ ಇದ್ದಾರೆ, ಅವರ ಬಗ್ಗೆ ಇನ್ನೂ ಜಾಸ್ತಿ ಚಿಂತೆ.

ಎಷ್ಟು ಸಲ ಫ್ರೀಜ್ ಆಯ್ತು ಅನ್ನೋದು ಇಲ್ಲಿ ಮುಖ್ಯ ಅಲ್ಲವೇ ಅಲ್ಲ. ಕರಗಿದ ಮೇಲೆ ಅದು ಎಷ್ಟು ಹೊತ್ತು, ಎಷ್ಟು ಬಿಸೀಲಿ ಇತ್ತು ಅನ್ನೋದಷ್ಟೇ ಮುಖ್ಯ. ಮೈನಸ್ 18 ಡಿಗ್ರೀಲಿ ಬ್ಯಾಕ್ಟೀರಿಯಾ ಬೆಳೆಯಲ್ಲ, ಆದ್ರೆ ಸಾಯೋದೂ ಇಲ್ಲ, ಅಂದ್ರೆ ಒಂದಷ್ಟು ಸಾಯ್ತವೆ, ಉಳಿದವು ಹಾಗೇ ಸುಮ್ನೆ ಇದ್ದು ಬೆಚ್ಚಗಾದ ತಕ್ಷಣ ಮತ್ತೆ ಶುರು ಹಚ್ಕೊಳ್ತವೆ. ಸುಮಾರು 5ರಿಂದ 60 ಡಿಗ್ರಿ ಮಧ್ಯದಲ್ಲಿ ಅವಕ್ಕೆ ಸುಗ್ಗಿ, ಅನುಕೂಲ ಎಲ್ಲಾ ಕೂಡಿಬಂದ್ರೆ ಕೆಲವು ಜಾತಿಯವು 20 ನಿಮಿಷಕ್ಕೊಮ್ಮೆ ಡಬಲ್ ಆಗ್ತವೆ, ಆ ಲೆಕ್ಕದಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ 6 ಗಂಟೇಲಿ ಎರಡೂವರೆ ಲಕ್ಷ ದಾಟುತ್ತೆ. ಆಮೇಲೆ ಫ್ರೀಜರಿಗೆ ಇಟ್ರೆ ಆ ಎರಡೂವರೆ ಲಕ್ಷವೂ ಹಾಗೇ ಕೂತಿರುತ್ತೆ, ಮುಂದಿನ ಸಲ ಕರಗಿಸಿದಾಗ ಲೆಕ್ಕ ಅಲ್ಲಿಂದಲೇ ಮುಂದುವರಿಯುತ್ತೆ.

ಹಾಗಾಗಿ 4 ಡಿಗ್ರಿ ಒಳಗಿರೋ ಫ್ರಿಜ್ಜಲ್ಲೇ ನಿಧಾನವಾಗಿ ಕರಗಿದ್ದನ್ನ, ಹಸಿ ಮಾಂಸ ಆದ್ರೂ, ಬೇಯಿಸದೇ ಮತ್ತೆ ಫ್ರೀಜ್ ಮಾಡಬಹುದು ಅಂತ ಅಮೆರಿಕದ ಕೃಷಿ ಇಲಾಖೆ ಸ್ಪಷ್ಟವಾಗೇ ಹೇಳುತ್ತೆ. ಫ್ರಿಜ್ಜಲ್ಲಿ ವಾರಗಟ್ಲೆ ಇಟ್ಟು ಅಲ್ಲ, ಚಿಕನ್, ಮೀನು, ಕೀಮಾ ಆದ್ರೆ ಒಂದೆರಡು ದಿನದ ಒಳಗೆ. ಬ್ರಿಟನ್ನಿನ ಸಲಹೆ ಇನ್ನೂ ಬಿಗಿ, ಕರಗಿದ ಹಸಿ ಮಾಂಸಾನ ಬೇಯಿಸಿ ಆಮೇಲಷ್ಟೇ ಫ್ರೀಜ್ ಮಾಡಿ ಅನ್ನುತ್ತೆ. ನನ್ನ ಪ್ರಕಾರ ನಿಮ್ಮ ಫ್ರಿಜ್ ನಿಜಕ್ಕೂ ಎಷ್ಟು ತಣ್ಣಗಿದೆ ಅಂತ ಥರ್ಮಾಮೀಟರ್ ಇಟ್ಟು ನೋಡಿಲ್ಲ ಅಂದ್ರೆ ಬ್ರಿಟನ್ ಮಾತು ಕೇಳೋದೇ ವಾಸಿ. ಮೈಕ್ರೋವೇವಲ್ಲಿ ಅಥವಾ ನೀರಲ್ಲಿ ಮುಳುಗಿಸಿ ಕರಗಿಸಿದ್ರೆ ಮಾತ್ರ ಬೇಯಿಸಿಯೇ ಇಡಬೇಕು, ಯಾಕಂದ್ರೆ ಒಳಗೆ ಗಡ್ಡೆ ಇರೋವಾಗ್ಲೇ ಅಂಚುಗಳು ಬೆಚ್ಚಗಾಗಿರ್ತವೆ. ಹೊರಗೆ 2 ಗಂಟೆಗಿಂತ ಜಾಸ್ತಿ ಇದ್ದಿದ್ದು, ಸೆಖೆ 32 ಡಿಗ್ರಿ ದಾಟಿದ್ರೆ 1 ಗಂಟೆ, ಅದನ್ನ ಬಿಟ್ಟುಬಿಡಿ.

ಚೆನ್ನಾಗಿ ಕುದಿಸಿದ್ರೆ ಎಲ್ಲಾ ಸಾಯುತ್ತಲ್ಲ ಅಂತ ಕೇಳಬಹುದು. ಬ್ಯಾಕ್ಟೀರಿಯಾ ಸಾಯ್ತವೆ ಸರಿ, ಆದ್ರೆ ನಮ್ಮ ಕೈ, ಮೂಗಲ್ಲೇ ಇರೋ ಸ್ಟಫೈಲೋಕಾಕಸ್ ಆಹಾರದಲ್ಲಿ ಬೆಳೆದಾಗ ಬಿಡೋ ವಿಷ ಕುದಿಸಿದ್ರೂ ಹೋಗಲ್ಲ, ಅನ್ನದಲ್ಲಿ ಬೆಳೆಯೋ ಬ್ಯಾಸಿಲಸ್ ಸೀರಿಯಸ್ ಬಿಡೋ ವಾಂತಿ ತರಿಸೋ ವಿಷಾನೂ ಅಷ್ಟೇ. ವಾಸನೆ, ಬಣ್ಣ ನೋಡಿ ಇದನ್ನ ಕಂಡುಹಿಡಿಯೋಕೂ ಆಗಲ್ಲ.

ಇನ್ನು ರುಚಿ ಕೆಡುತ್ತೆ ಅನ್ನೋ ದೂರು ಮಾತ್ರ ಪೂರ್ತಿ ನಿಜ. ನೀರು ಮಂಜುಗಡ್ಡೆ ಆದಾಗ ಸುಮಾರು 9% ಹಿಗ್ಗುತ್ತೆ, ಅದೂ ಅಲ್ದೆ ಮನೆ ಫ್ರೀಜರ್ ನಿಧಾನ, ನಿಧಾನವಾಗಿ ಗಟ್ಟಿಯಾದಷ್ಟೂ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶದ ಪೊರೆ ಹರಿದುಹಾಕ್ತವೆ. ಕರಗಿದಾಗ ತಟ್ಟೆ ತುಂಬಾ ಕೆಂಪು ನೀರು ಇಳಿಯೋದು ಅದಕ್ಕೇ (ಅದು ರಕ್ತ ಅಲ್ಲ, ನೀರು ಮತ್ತೆ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್), ಎರಡನೇ ಸಲ ಇನ್ನೂ ಜಾಸ್ತಿ ಇಳಿದು ಮಾಂಸ ನಾರುನಾರು ಆಗುತ್ತೆ. 1910ರ ದಶಕದಲ್ಲಿ ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನೋರು ಕೆನಡಾದ ಲ್ಯಾಬ್ರಡಾರಲ್ಲಿ ಇದ್ದಾಗ, ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಆ ಭಯಂಕರ ಚಳಿಗೆ ತಕ್ಷಣ ಕಲ್ಲಿನಂಗೆ ಆಗೋದು, ತಿಂಗಳು ಕಳೆದು ಕರಗಿಸಿದ್ರೂ ತಾಜಾ ಮೀನಿನ ರುಚಿಯೇ ಇರೋದು ನೋಡಿದ್ರು, ಬೇಗ ಗಟ್ಟಿಯಾದ್ರೆ ಹರಳು ಸಣ್ಣದು ಅನ್ನೋ ಆ ಪಾಠದ ಮೇಲೇ ಇವತ್ತಿನ ಫ್ರೋಜನ್ ಉದ್ಯಮ ನಿಂತಿದೆ. ಮನೇಲಿ ನಾವು ಮಾಡಬಹುದಾದ್ದು ಸಣ್ಣ ಸಣ್ಣ ಚಪ್ಪಟೆ ಪ್ಯಾಕೆಟ್ ಮಾಡಿಡೋದು, ಬೇಗ ಗಟ್ಟಿ ಆಗುತ್ತೆ, ಬೇಕಾದಷ್ಟೇ ತೆಗೆದ್ರೆ ಮತ್ತೆ ಫ್ರೀಜ್ ಮಾಡೋ ಪ್ರಶ್ನೆಯೇ ಬರಲ್ಲ.

ಬ್ರೆಡ್ಡಿಗೆ ಹೆಚ್ಚು ತೊಂದರೆ ಇಲ್ಲ. ಪೂರ್ತಿ ಕರಗಿದ ಐಸ್ ಕ್ರೀಮ್ ಬೇಡ. ಕರಗಿಸಿದ ಎದೆಹಾಲನ್ನಂತೂ ಮತ್ತೆ ಫ್ರೀಜ್ ಮಾಡಲೇಬಾರದು, ಫ್ರಿಜ್ಜಲ್ಲಿಟ್ಟು 24 ಗಂಟೆ ಒಳಗೆ ಮಗುವಿಗೆ ಕುಡಿಸಿಬಿಡಬೇಕು.

ಕರೆಂಟ್ ಹೋದಾಗ ಬಾಗಿಲು ತೆಗೀದೇ ಇದ್ರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತೆ, ಪ್ಯಾಕೆಟ್ಟಲ್ಲಿ ಇನ್ನೂ ಮಂಜಿನ ಹರಳು ಕಾಣ್ತಿದ್ರೆ ಮತ್ತೆ ಫ್ರೀಜ್ ಮಾಡಬಹುದು. ಊರಲ್ಲಿಲ್ಲದಾಗ ಕರೆಂಟ್ ಹೋಗಿ ಬಂದ್ರೆ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದ್ದೂ ಗೊತ್ತಾಗಲ್ಲ, ಅದಕ್ಕೇ ಹೋಗೋ ಮುಂಚೆ ಒಂದು ಲೋಟ ನೀರು ಗಡ್ಡೆ ಮಾಡಿ ಮೇಲೆ ಒಂದು ನಾಣ್ಯ ಇಟ್ಟು ಹೋಗಿ, ವಾಪಸ್ ಬಂದಾಗ ನಾಣ್ಯ ಲೋಟದ ತಳದಲ್ಲಿದ್ರೆ ಆ ಗಡ್ಡೆ ಪೂರ್ತಿ ಕರಗಿತ್ತು ಅಂತ ಅರ್ಥ, ಪಕ್ಕದಲ್ಲಿದ್ದ ಮಾಂಸ ಎಷ್ಟೇ ಕಲ್ಲಾಗಿದ್ರೂ ತಿನ್ನೋಕೆ ಹೋಗಬೇಡಿ.