ಕೋಟಿ ರೂಪಾಯಿ, ಎರಡೇ ಸೀಟು: ಬೆಂಗಳೂರಿಗೆ ಓಪನ್ ಟಾಪ್ ಕಾರು ಒಗ್ಗುತ್ತದೆಯೇ?

ಪ್ರಶ್ನೆ: ವಯಸ್ಸು ಐವತ್ತರ ಹತ್ತಿರ. ಮನೆಯ ಓಡಾಟಕ್ಕೆ ಒಂದು ಕಾರಿದೆ, ಸಾಲಗಳೆಲ್ಲ ತೀರಿವೆ. ಚಾವಣಿ ತೆರೆಯುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂಬುದು ಕಾಲೇಜು ದಿನಗಳ ಆಸೆ. ಬಿಎಂಡಬ್ಲ್ಯು ಝಡ್4 ಅಥವಾ ಪೋರ್ಷೆ ಬಾಕ್ಸ್‌ಟರ್ ಮನಸ್ಸಿನಲ್ಲಿದೆ. ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಳ್ಳುವುದು ಹುಚ್ಚುತನವೇ? ಕೊಳ್ಳುವುದಾದರೆ ಹೊಸದೋ, ಹಳೆಯದೋ?

ಉತ್ತರ: ಹುಚ್ಚುತನವೇನೂ ಅಲ್ಲ. ಆದರೆ ಹೊಸದು ಬೇಡ. ಕರ್ನಾಟಕದಲ್ಲೇ ನೋಂದಣಿಯಾದ, ಮೂರ್ನಾಲ್ಕು ವರ್ಷ ಓಡಿದ ಕಾರನ್ನು ಹುಡುಕಿ. ಅದಕ್ಕೂ ಮೊದಲು ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ಇಳಿಜಾರನ್ನು ಒಮ್ಮೆ ಹೋಗಿ ನೋಡಿ. ಏಕೆಂದು ವಿವರಿಸುತ್ತೇನೆ.

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಟ್ರಾಫಿಕ್‌ಗೆ ಹೆದರಿರುತ್ತಾರೆ. ಹೆದರಬೇಕಾದದ್ದು ತೆರಿಗೆಗೆ. ಝಡ್4ನ ಪರಿಷ್ಕೃತ ಮಾದರಿ 2023ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದಾಗ ಎಕ್ಸ್-ಶೋರೂಂ ಬೆಲೆ 89.30 ಲಕ್ಷ ರೂಪಾಯಿ ಇತ್ತು. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ತಯಾರಾಗಿ, ಪೂರ್ತಿ ಜೋಡಣೆಯಾಗಿಯೇ ಇಲ್ಲಿಗೆ ಬರುವ ಕಾರು ಇದು. ಹಾಗಾಗಿ ಭಾರೀ ಆಮದು ಸುಂಕವೂ ಆ ಬೆಲೆಯೊಳಗೆ ಅಡಗಿದೆ. ಅದರ ಮೇಲೆ ಬರುವುದು ರಾಜ್ಯದ ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್. ಎರಡೂ ಸೇರಿದರೆ ಹೆಚ್ಚುಕಡಿಮೆ ಶೇ 20. ಅಂದರೆ 90 ಲಕ್ಷದ ಕಾರಿಗೆ ಸುಮಾರು 18 ಲಕ್ಷ ರೂಪಾಯಿ ಆರ್‌ಟಿಒ ಲೆಕ್ಕಕ್ಕೇ ಹೋಗುತ್ತದೆ. ಆ ಹಣಕ್ಕೆ ಮನೆಮಂದಿಯೆಲ್ಲ ಕೂರುವಂಥ ಇನ್ನೊಂದು ಒಳ್ಳೆಯ ಕಾರು ಬರುತ್ತದೆ. ವಿಮೆ ಸೇರಿಸಿಕೊಳ್ಳಿ, ಕೋಟಿ ಎಂದು ಹೊರಟ ಲೆಕ್ಕ ಕೋಟಿಯನ್ನು ದಾಟಿ ಎಲ್ಲೋ ನಿಂತಿರುತ್ತದೆ.

ಇಲ್ಲಿ ಒಬ್ಬ ಸ್ನೇಹಿತ ಬಂದೇ ಬರುತ್ತಾನೆ, 'ಪುದುಚೇರಿಯಲ್ಲಿ ನೋಂದಣಿ ಮಾಡಿಸಿಬಿಡು' ಎಂಬ ಸಲಹೆ ಹೊತ್ತು. ಅವನಿಗೆ ಕಾಫಿ ಕೊಟ್ಟು ಕಳುಹಿಸಿ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. 2025ರ ಆರಂಭದಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ತೆರಿಗೆ ಕಟ್ಟದ ಹೊರರಾಜ್ಯದ ಐಷಾರಾಮಿ ಕಾರುಗಳನ್ನು ಸಾಲಾಗಿ ವಶಪಡಿಸಿಕೊಂಡರು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರ ಮಾಲೀಕರು ಒಂದೇ ಬಾರಿಗೆ ಸುಮಾರು 1.4 ಕೋಟಿ ರೂಪಾಯಿ ಕಟ್ಟಬೇಕಾಯಿತು. ಎರಡು ಸೀಟಿನ, ಕೆಂಪು ಬಣ್ಣದ, ಚಾವಣಿಯಿಲ್ಲದ ಕಾರಿನಲ್ಲಿ ಕುಳಿತು ಯಾರ ಕಣ್ಣಿಗೂ ಬೀಳದೆ ಓಡಾಡುತ್ತೇನೆ ಎನ್ನುವುದು ಆಗದ ಮಾತು.

ಹಳೆಯದನ್ನು ಕೊಳ್ಳಿ ಎನ್ನುವುದಕ್ಕೆ ಕಾರಣ ಇದೇ. ಇಲ್ಲೇ ನೋಂದಣಿಯಾದ ಕಾರಿನ ತೆರಿಗೆಯನ್ನು ಮೊದಲ ಮಾಲೀಕರು ಕಟ್ಟಿ ಮುಗಿಸಿರುತ್ತಾರೆ. ಮಾರುವಾಗ ಆ ದುಡ್ಡು ಅವರ ಕೈಗೆ ಪೂರ್ತಿ ಮರಳುವುದಿಲ್ಲ. ವಿಮಾ ಕಂಪನಿಗಳ ಸವಕಳಿ ಪಟ್ಟಿಯನ್ನೇ ನೋಡಿ: ಎರಡರಿಂದ ಮೂರು ವರ್ಷದ ಕಾರಿನ ಮೌಲ್ಯದಲ್ಲಿ ಶೇ 30 ಇಳಿಕೆ, ನಾಲ್ಕರಿಂದ ಐದು ವರ್ಷಕ್ಕೆ ಶೇ 50. ಮಾರುಕಟ್ಟೆ ಬೆಲೆ ಈ ಪಟ್ಟಿಯ ಮಾತನ್ನೇ ಕೇಳುವುದಿಲ್ಲ ನಿಜ, ಆದರೆ ಜಾರುವ ದಿಕ್ಕು ಅದೇ. ಇಂಥ ಕಾರುಗಳು ಹೆಚ್ಚು ಓಡಿಯೂ ಇರುವುದಿಲ್ಲ. ಭಾನುವಾರ ಹೊರಬಂದು ಸೋಮವಾರದಿಂದ ಹೊದಿಕೆಯ ಕೆಳಗೆ ಮಲಗುವ ಜಾತಿಯವು. ಇನ್ನೊಂದು ಮಾತು, ಪೆಟ್ರೋಲ್ ಬಾಕ್ಸ್‌ಟರ್‌ನ ತಯಾರಿಕೆ 2025ರ ಅಕ್ಟೋಬರ್‌ನಲ್ಲಿ ನಿಂತಿತು. ಝಡ್4ಗೂ 2026ರಲ್ಲಿ ತೆರೆ ಎಳೆಯುವುದಾಗಿ ಕಂಪನಿಯೇ ಪ್ರಕಟಿಸಿದೆ. ಹೀಗಾಗಿ ಹೇಗೂ ನೀವು ಹೋಗಿ ನಿಲ್ಲುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲೇ.

ಹೊಸದೇ ಬೇಕೆಂದು ಹಟ ಹಿಡಿದರೆ ತೆರಿಗೆಯ ಲೆಕ್ಕದಲ್ಲಿ ಒಂದು ಅಪವಾದವಿದೆ. ಎಂಜಿ ಸೈಬರ್‌ಸ್ಟರ್ ಎಂಬ ಎಲೆಕ್ಟ್ರಿಕ್ ಎರಡು ಸೀಟಿನ ಕಾರು 2025ರ ಜುಲೈನಲ್ಲಿ 74.99 ಲಕ್ಷ ರೂಪಾಯಿ ಎಕ್ಸ್-ಶೋರೂಂ ಬೆಲೆಗೆ ಬಂತು. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಕರ್ನಾಟಕ 2024ರಲ್ಲಿ ವಿಧಿಸಿದ ತೆರಿಗೆ ಶೇ 10, ಪೆಟ್ರೋಲ್ ಕಾರಿನ ಅರ್ಧದಷ್ಟು. ಬಾಗಿಲುಗಳು ಮೇಲಕ್ಕೆ ರೆಕ್ಕೆಯಂತೆ ಏಳುತ್ತವೆ, ನೂರರ ವೇಗವನ್ನು 3.2 ಸೆಕೆಂಡಿನಲ್ಲಿ ಮುಟ್ಟುತ್ತದೆ. ನನಗೆ ಅದರ ಮೇಲೆ ಅಷ್ಟೇನೂ ಮೋಹವಿಲ್ಲ. ಸುಮಾರು ಎರಡು ಟನ್ ತೂಗುವ ಗಾಡಿಯನ್ನು ಹಗುರ ಕುದುರೆ ಎಂದು ನಂಬಲು ಮನಸ್ಸು ಒಪ್ಪುವುದಿಲ್ಲ. ಚಾವಣಿ ತೆರೆದಾಗ ಎಂಜಿನ್ನಿನ ಸದ್ದು ಕೇಳಿಸುವುದೂ ಈ ಆಟದ ಅರ್ಧ ಭಾಗ.

ಇನ್ನು ಹವೆ. ಚಾವಣಿ ತೆರೆದು ಓಡಿಸಲು ಇದಕ್ಕಿಂತ ಒಳ್ಳೆಯ ದೊಡ್ಡ ನಗರ ದೇಶದಲ್ಲಿ ನನಗೆ ಹೊಳೆಯುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು ನಮ್ಮದು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಉಷ್ಣಾಂಶ 15-16 ಡಿಗ್ರಿ. ಕಿಟಕಿ ಗಾಜು ಏರಿಸಿ, ಕಾಲಿಗೆ ಹೀಟರ್ ಬಿಟ್ಟುಕೊಂಡು, ತಲೆಯ ಮೇಲೆ ಆಕಾಶ ಇಟ್ಟುಕೊಂಡು ಹೋಗಬಹುದಾದ ಹವೆ. ಮಳೆಯೂ ನಿಮ್ಮ ಪಕ್ಷವೇ. ಇಲ್ಲಿನ ಮಳೆ ಬಹುಪಾಲು ಮಧ್ಯಾಹ್ನ ಕಳೆದ ಮೇಲೆ, ಸಂಜೆಗೋ ರಾತ್ರಿಗೋ ಸುರಿಯುವಂಥದ್ದು. ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಬೆಳಗಿನ ಹೊತ್ತು ಎಷ್ಟೋ ದಿನ ತೊಳೆದಿಟ್ಟಂತೆ ಇರುತ್ತದೆ.

ನಡುಮಧ್ಯಾಹ್ನ ಮಾತ್ರ ಚಾವಣಿ ಮುಚ್ಚಿರಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟ ಕಂಬಕ್ಕೂ ಆ ಗಳಿಗೆಯಲ್ಲಿ ನೆರಳಿರುವುದಿಲ್ಲ. ಊರು ತಂಪೆಂದು ನಂಬಿ ಆ ಬಿಸಿಲಿನಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತರೆ ನೆತ್ತಿಯೂ ಕಾಯುತ್ತದೆ, ಮೂಗಿಗೆ ಬಸ್ಸಿನ ಹೊಗೆಯೂ ಸಿಗುತ್ತದೆ. ಈ ಕಾರುಗಳಲ್ಲಿ ಕೂರುವ ಎತ್ತರ ಎಷ್ಟು ಕಡಿಮೆ ಎಂದರೆ ಪಕ್ಕದ ಬಿಎಂಟಿಸಿ ಬಸ್ಸಿನ ಚಕ್ರವೇ ನಿಮ್ಮ ಮುಖಕ್ಕೆ ನೇರವಾಗಿರುತ್ತದೆ. ಝಡ್4ನ ಬಟ್ಟೆಯ ಚಾವಣಿ ಗುಂಡಿ ಒತ್ತಿದ ಹತ್ತು ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ, ಗಂಟೆಗೆ 50 ಕಿಲೋಮೀಟರ್ ವೇಗದವರೆಗೆ ಓಡುತ್ತಲೇ ಮುಚ್ಚಬಹುದು. ಸಿಲ್ಕ್ ಬೋರ್ಡ್‌ನಲ್ಲಿ ಆ ಮಿತಿ ಮೀರುವ ಭಯವಂತೂ ಇಲ್ಲ.

ಈಗ ಇಳಿಜಾರು. ಝಡ್4 ನೆಲದಿಂದ 114 ಮಿಲಿಮೀಟರ್ ಎತ್ತರದಲ್ಲಿದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂಥ ಉಬ್ಬನ್ನು ಈ ಕಾರು ನಿಧಾನವಾಗಿ ದಾಟಿಬಿಡುತ್ತದೆ. ಆದರೆ ನಮ್ಮ ಬಡಾವಣೆಗಳ ಉಬ್ಬುಗಳನ್ನು ಹಾಕಿದವರು ಆ ಮಾರ್ಗಸೂಚಿಯನ್ನು ಓದಿದಂತೆ ಕಾಣುವುದಿಲ್ಲ. ರಾತ್ರೋರಾತ್ರಿ ಸಿಮೆಂಟ್ ಸುರಿದು, ಮೇಲೆ ಎರಡು ಕಲ್ಲು ಚಪ್ಪಡಿ ಕೂರಿಸಿದ ಉಬ್ಬುಗಳಿವೆ. ಅವನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ ದಾಟಬೇಕು. ಹಿಂದಿನ ಆಟೋದವರು ತಾಳ್ಮೆ ತೋರುತ್ತಾರೆ ಎಂದುಕೊಳ್ಳೋಣ.

ಬೇಸ್‌ಮೆಂಟಿನ ಇಳಿಜಾರಿನ ಬಾಯಿಯಲ್ಲಿ ಸಮಸ್ಯೆ ಬೇರೆ. ಅಲ್ಲಿ ನೆಲ ಸಮತಟ್ಟಿನಿಂದ ಇಳಿಜಾರಿಗೆ ಮುರಿಯುವ ಒಂದು ಅಂಚು ಇರುತ್ತದೆ. ಮುಂದಿನ ಚಕ್ರ ಕೆಳಗಿಳಿದು ಹಿಂದಿನದು ಇನ್ನೂ ಮೇಲಿರುವಾಗ ಕಾರಿನ ಹೊಟ್ಟೆ ಆ ಅಂಚಿಗೆ ಸವರುತ್ತದೆ. ಝಡ್4ನ ಎರಡು ಅಚ್ಚುಗಳ ನಡುವಿನ ದೂರ 2,470 ಮಿಲಿಮೀಟರ್. ಅದನ್ನೂ 114 ಮಿಲಿಮೀಟರನ್ನೂ ಇಟ್ಟು ಲೆಕ್ಕ ಹಾಕಿದರೆ ನೆಲ ಹೆಚ್ಚೆಂದರೆ ಹತ್ತು ಡಿಗ್ರಿಯಷ್ಟು ಮುರಿಯಬಹುದು. ಎಂಟು ಅಡಿಗೆ ಒಂದು ಅಡಿ ಇಳಿಯುವ ಇಳಿಜಾರಾದರೆ ಏಳು ಡಿಗ್ರಿ, ಚಿಂತೆಯಿಲ್ಲ. ಐದು ಅಡಿಗೆ ಒಂದು ಅಡಿ ಇಳಿದರೆ ಹನ್ನೊಂದು ದಾಟುತ್ತದೆ, ಆಗ ಮನೆಗೆ ಬಂದಾಗಲೆಲ್ಲ ಕಾರಿನ ಹೊಟ್ಟೆ ಕೆರೆಯುವ ಸದ್ದು ಕೇಳಬೇಕು. ಜಾಗ ಉಳಿಸಲು ಇಳಿಜಾರನ್ನು ಕಡಿದಾಗಿಸಿದ ಕಟ್ಟಡಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಟೇಪು, ಒಂದು ಹಲಗೆ, ಮೊಬೈಲಿನಲ್ಲಿರುವ ಕೋನ ಅಳೆಯುವ ಸಾಧನ, ಇಷ್ಟಿದ್ದರೆ ಹತ್ತು ನಿಮಿಷದ ಕೆಲಸ.

ಟೈರಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಝಡ್4ನ ಮುಂಭಾಗದ ಟೈರಿನ ಅಳತೆ 255/35, ಅಂದರೆ 255 ಮಿಲಿಮೀಟರ್ ಅಗಲ, ಅದರ ಶೇ 35ರಷ್ಟು ಎತ್ತರ. ಚಕ್ರ 19 ಇಂಚಿನದು. ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಎತ್ತರ ಒಂಬತ್ತು ಸೆಂಟಿಮೀಟರ್ ಅಷ್ಟೇ. ಮಳೆ ನೀರು ತುಂಬಿದ ಗುಂಡಿಗೆ ವೇಗದಲ್ಲಿ ಬಿದ್ದರೆ ಟೈರಿನ ಜೊತೆಗೆ ರಿಮ್ಮೂ ಹೋಗುತ್ತದೆ. ಕತ್ತಲು ಮತ್ತು ಮಳೆ ಒಟ್ಟಿಗೆ ಇದ್ದಾಗ ಮನೆಯ ಇನ್ನೊಂದು ಕಾರು ತೆಗೆಯಿರಿ.

ಹಳೆಯ ಓಪನ್ ಟಾಪ್ ಕಾರನ್ನು ಪರೀಕ್ಷಿಸುವಾಗ ಎಲ್ಲರೂ ಎಂಜಿನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ. ನೀವು ನೀರಿನ ದಾರಿ ನೋಡಿ. ಬಟ್ಟೆಯ ಚಾವಣಿಯ ಮೇಲೆ ಬಿದ್ದ ನೀರು ಅಂಚುಗಳಲ್ಲಿ ಹರಿದು, ಸೀಟುಗಳ ಹಿಂದೆ ಚಾವಣಿ ಮಡಚಿಕೊಳ್ಳುವ ಜಾಗದ ಎರಡೂ ಮೂಲೆಯಲ್ಲಿರುವ ಸಣ್ಣ ಕೊಳವೆಗಳ ಮೂಲಕ ಕಾರಿನ ಕೆಳಗೆ ಇಳಿಯಬೇಕು. ಬೆಂಗಳೂರಿನಲ್ಲಿ ಮರದಡಿ ನಿಂತ ಕಾರಿಗೆ ಹೊಂಗೆ ಹೂವು, ಆಕಾಶಮಲ್ಲಿಗೆ, ಗುಲ್‌ಮೊಹರ್ ಎಸಳು ಎಲ್ಲವೂ ಬೀಳುತ್ತವೆ. ಅವು ಆ ಮೂಲೆಗೆ ಜಾರಿ, ಧೂಳಿನೊಂದಿಗೆ ಕಲಸಿ, ಕೊಳವೆಯ ಬಾಯಿಗೆ ಬಿರಡೆಯಾಗುತ್ತವೆ. ಮುಂದಿನ ಮಳೆಯ ನೀರು ಕಾರಿನೊಳಕ್ಕೆ ಇಳಿಯುತ್ತದೆ. 2002ರಿಂದ 2008ರವರೆಗಿನ ಝಡ್4ಗಳಲ್ಲಿ ಚಾವಣಿ ಎತ್ತುವ ಮೋಟರ್ ಕೂತಿರುವುದೇ ಆ ನೀರು ನಿಲ್ಲುವ ಗುಳಿಯಲ್ಲಿ. ಕೊಳವೆ ಕಟ್ಟಿ ಮೋಟರ್ ಮುಳುಗಿ ಸಾಯುವುದು ಆ ಮಾದರಿಯ ಹೆಸರುವಾಸಿ ಕಾಯಿಲೆ. ಹಳೆಯ ಬಾಕ್ಸ್‌ಟರ್‌ಗಳಲ್ಲಿ ಸೀಟಿನ ಕೆಳಗಿರುವ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ನೀರು ಸೇರಿ ಕಾರು ಸ್ಟಾರ್ಟೇ ಆಗದೆ ನಿಲ್ಲುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಕಾಲಡಿಯ ಕಾರ್ಪೆಟ್ ಎತ್ತಿ, ಅದರ ಕೆಳಗಿನ ಸ್ಪಂಜಿಗೆ ಬೆರಳು ಒತ್ತಿ. ಒದ್ದೆಯಿದ್ದರೆ, ಇಲ್ಲವೇ ಒಳಗೆ ಕೂತ ತಕ್ಷಣ ಮುಗ್ಗಲು ವಾಸನೆ ಮುಚ್ಚಲು ಹೊಡೆದಂತೆ ಸೆಂಟಿನ ವಾಸನೆ ಜೋರಾಗಿ ಬಡಿದರೆ, ಬೆಲೆ ಮಾತನಾಡದೆ ಎದ್ದು ಬನ್ನಿ. ಚಾವಣಿಯನ್ನು ಮೂರ್ನಾಲ್ಕು ಸಲ ತೆಗೆಸಿ, ಮುಚ್ಚಿಸಿ. ಅರ್ಧದಲ್ಲಿ ತಡೆದು ನಿಂತರೂ ಅದೇ ತೀರ್ಪು.

ವಿಮೆಯಲ್ಲಿ ಎರಡು ಸಂಗತಿ ಸಾಕು. ಮಾಮೂಲಿ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುವುದರಿಂದ ಸವಕಳಿ ಕಳೆಯದ ಪಾಲಿಸಿಯೇ ಇರಲಿ. ಜೊತೆಗೆ ನೀರು ಹೊಕ್ಕು ಕೆಟ್ಟ ಎಂಜಿನ್ನಿಗೆ ಪ್ರತ್ಯೇಕ ರಕ್ಷಣೆ ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರಿನ ವಿಲ್ಲಾಗಳ ಮುಂದೆ ದುಬಾರಿ ಕಾರುಗಳು ಮುಳುಗಿ ನಿಂತ ಚಿತ್ರ ನೆನಪಿದ್ದರೆ ಕಾರಣ ಹೇಳಬೇಕಿಲ್ಲ.

ಓಡಿಸುವುದೆಲ್ಲಿ ಎಂಬ ಪ್ರಶ್ನೆಗೆ ಹಲವರ ಉತ್ತರ ಮೈಸೂರು ಎಕ್ಸ್‌ಪ್ರೆಸ್‌ವೇ. ನನ್ನ ದೃಷ್ಟಿಯಲ್ಲಿ ಇಂಥ ಕಾರಿಗೆ ಅದು ಅತ್ಯಂತ ಬೇಸರದ ರಸ್ತೆ. ಝಡ್4ನ ಆರು ಸಿಲಿಂಡರಿನ ಎಂಜಿನ್ 340 ಅಶ್ವಶಕ್ತಿಯದು, 4.5 ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ. ಅಲ್ಲಿನ ವೇಗದ ಮಿತಿಯೂ ನೂರೇ. 130 ದಾಟಿದವರ ಮೇಲೆ 2024ರ ಆಗಸ್ಟ್‌ನಿಂದ ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯದ ಪೊಲೀಸರು ಹೇಳಿದ್ದಾರೆ. ಐದನೇ ಸೆಕೆಂಡಿಗೆ ಆಟ ಮುಗಿಯಿತು, ಉಳಿದದ್ದು ಕಿವಿಗೆ ಬಡಿಯುವ ಗಾಳಿ. ಮಾಗಡಿ ರಸ್ತೆ ಹಿಡಿದು ಸಾವನದುರ್ಗದ ಕಡೆಗೆ, ಅಥವಾ ಕನಕಪುರ ದಾಟಿ ಸಂಗಮದ ಕಡೆಗೆ ಅರವತ್ತರ ವೇಗದಲ್ಲಿ ಹೋಗಿ ನೋಡಿ. ಮರಗಳ ನೆರಳು ಮುಖದ ಮೇಲೆ ಹಾದುಹೋಗುತ್ತದೆ, ಹೊಲದಲ್ಲಿ ಒಲೆ ಹಚ್ಚಿದ ವಾಸನೆಯೂ ಒಳಗೆ ಬರುತ್ತದೆ. ಕೊಟ್ಟ ದುಡ್ಡಿಗೆ ಅರ್ಥ ಬರುವುದು ಅಲ್ಲಿ.

ಅಂದ ಹಾಗೆ, ಈ ಹುಚ್ಚು ನಮ್ಮ ಊರಿಗೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆ ಸ್ಟಾರ್ಮ್ ಎಂಬ ಎರಡು ಸೀಟಿನ ಓಪನ್ ಟಾಪ್ ಕಾರನ್ನು ಹೊರತಂದಿತ್ತು. ಫೈಬರ್ ಗ್ಲಾಸ್ ಮೈ, 1.2 ಲೀಟರಿನ ರೆನೋ ಎಂಜಿನ್. ಶಕ್ತಿ ಅರವತ್ತು ಅಶ್ವಶಕ್ತಿಯ ಆಸುಪಾಸು, ನಮ್ಮ ರಸ್ತೆಗೆ ಅಷ್ಟೇ ಸಾಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಮನೆಯವರ ವಿಷಯ ನಿಮಗೇ ಗೊತ್ತು. ಮಂಡಿ ನೋವಿರುವ ಹಿರಿಯರು ಈ ಸೀಟಿನಿಂದ ಒಬ್ಬರೇ ಏಳಲಾರರು. 281 ಲೀಟರಿನ ಡಿಕ್ಕಿಗೆ ಇಬ್ಬರ ಎರಡು ದಿನದ ಬಟ್ಟೆ ಹಿಡಿಯುತ್ತದೆ, ಮದುವೆಗೆ ಹೊರಟರೆ ಸಾಲದು. ಇನ್ನೊಂದು ಕಾರು ಇರಲೇಬೇಕು, ಅದು ನಿಮ್ಮಲ್ಲಿ ಈಗಾಗಲೇ ಇದೆ.

ಒಂದು ವಾರಾಂತ್ಯ ಬಾಡಿಗೆಗೆ ತೆಗೆದುಕೊಂಡು ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ, ಸ್ವಂತ ಚಾಲನೆಯ ಬಾಡಿಗೆಗೆ ಪರವಾನಗಿ ಪಡೆದ ಕಾರನ್ನೇ ಆರಿಸಿ. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವುದು ಕಾನೂನುಬಾಹಿರ, ಅಪಘಾತವಾದರೆ ವಿಮೆಯೂ ಕೈಕೊಡುತ್ತದೆ. ಹಳೆಯ ಕಾರು ಮಾರುವವರ ಬಳಿ ಹೋದಾಗ ಅವರ ಅಂಗಡಿಯ ಮುಂದಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹಾಕಿ ತೃಪ್ತರಾಗಬೇಡಿ. ನಿಮ್ಮ ಮನೆಯವರೆಗೆ ತರಬೇಕು, ಬೇಸ್‌ಮೆಂಟಿಗೆ ಇಳಿಸಿ ಹತ್ತಿಸಬೇಕು ಎಂದು ಕೇಳಿ. ಪಕ್ಕದ ಸೀಟಿನಲ್ಲಿ ಮುಂದೆ ಯಾವಾಗಲೂ ಕೂರುವವರು ಯಾರೋ ಅವರನ್ನೇ ಕೂರಿಸಿಕೊಳ್ಳಿ. ಮನೆಯವರೆಗೆ ತರಲು ಒಪ್ಪದ ವ್ಯಾಪಾರಿಯ ಬಳಿ ಮುಂಗಡ ಕೊಡಬೇಡಿ.