ಭಿನ್ನರಾಶಿ: ಮೊದಲು ಬೆಲೆ, ಆಮೇಲೆ ಲೆಕ್ಕ

ಅಮೆರಿಕದ ರಾಷ್ಟ್ರಮಟ್ಟದ ಶೈಕ್ಷಣಿಕ ಸಮೀಕ್ಷೆಯೊಂದರಲ್ಲಿ 1978ರಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಕೇಳಿದ ಒಂದು ಪ್ರಶ್ನೆ ಗಣಿತ ಬೋಧಕರ ವಲಯದಲ್ಲಿ ಇಂದಿಗೂ ಚರ್ಚೆಗೆ ಬರುತ್ತದೆ. 12/13 ಮತ್ತು 7/8 ಇವೆರಡನ್ನು ಕೂಡಿದರೆ ಮೊತ್ತ ಸುಮಾರು ಎಷ್ಟು ಎಂಬುದು ಪ್ರಶ್ನೆ. ಆರಿಸಿಕೊಳ್ಳಲು 1, 2, 19, 21 ಎಂಬ ಉತ್ತರಗಳನ್ನು ಕೊಡಲಾಗಿತ್ತು. ಇದಕ್ಕೆ ಕಾಗದದ ಮೇಲೆ ಲೆಕ್ಕ ಮಾಡುವ ಅಗತ್ಯವೇ ಇಲ್ಲ. 12/13 ಒಂದಕ್ಕೆ ತೀರ ಸಮೀಪದಲ್ಲಿದೆ, 7/8 ಕೂಡ ಒಂದಕ್ಕೆ ಸಮೀಪದಲ್ಲಿದೆ, ಆದ್ದರಿಂದ ಮೊತ್ತ ಎರಡರ ಆಸುಪಾಸಿನಲ್ಲಿರಬೇಕು. ಆದರೆ 2 ಎಂದು ಗುರುತಿಸಿದವರು ಶೇ. 24ರಷ್ಟು ಮಕ್ಕಳು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21ನ್ನು ಆರಿಸಿದ್ದರು. ಅಂದರೆ ಅಂಶಗಳೆರಡನ್ನು ಇಲ್ಲವೇ ಛೇದಗಳೆರಡನ್ನು ಕೂಡಿ ಮುಗಿಸಿದ್ದರು. ಒಂದಕ್ಕಿಂತ ಚಿಕ್ಕದಾದ ಎರಡು ಸಂಖ್ಯೆಗಳನ್ನು ಕೂಡಿ ಹತ್ತೊಂಬತ್ತು ಬರಲು ಹೇಗೆ ಸಾಧ್ಯ ಎಂಬ ಸಂಶಯ ಅವರಲ್ಲಿ ಮೂಡಲಿಲ್ಲ.

ಆ ಮಕ್ಕಳಿಗೆ ಸಂಕಲನದ ವಿಧಾನ ಗೊತ್ತಿರಲಿಲ್ಲ ಎಂದು ಇದನ್ನು ಓದುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಕೊರತೆ ಇರುವುದು ವಿಧಾನಕ್ಕಿಂತ ಹಿಂದೆ. 12/13 ಎಂಬುದು ಒಂದೇ ಸಂಖ್ಯೆ, ಅದಕ್ಕೆ ಒಂದು ಬೆಲೆಯಿದೆ, ಸಂಖ್ಯಾರೇಖೆಯ ಮೇಲೆ ಅದಕ್ಕೊಂದು ಜಾಗವಿದೆ ಎಂಬ ತಿಳಿವಳಿಕೆ ಗಟ್ಟಿಯಾಗದೆ ಹೋದರೆ, ಮಗುವಿನ ಕಣ್ಣಿಗೆ ಅದು ಗೆರೆಯ ಮೇಲೊಂದು ಕೆಳಗೊಂದು ಕುಳಿತಿರುವ ಎರಡು ಸಂಖ್ಯೆಗಳಾಗಿಯೇ ಉಳಿಯುತ್ತದೆ. ಪ್ರಾಥಮಿಕ ತರಗತಿಗಳಲ್ಲಿ ನಾವು ಕೊಡುವ ಅಭ್ಯಾಸದ ಲೆಕ್ಕಗಳು ಈ ತಪ್ಪು ನೋಟವನ್ನು ತಿದ್ದುವ ಬದಲು ಬಹಳ ಸಲ ಬಲಪಡಿಸುತ್ತವೆ. ಒಂದೇ ಬಗೆಯ ಇಪ್ಪತ್ತು ಲೆಕ್ಕಗಳನ್ನು ಕೊಟ್ಟಾಗ ಮಗು ಮೊದಲನೆಯದನ್ನಷ್ಟೇ ಯೋಚಿಸಿ ಮಾಡುತ್ತದೆ. ಉಳಿದ ಹತ್ತೊಂಬತ್ತರಲ್ಲಿ ಕೈ ಮಾತ್ರ ಓಡುತ್ತದೆ. ಉತ್ತರಗಳೆಲ್ಲ ಸರಿಯಿರುವುದರಿಂದ ಶಿಕ್ಷಕರಿಗೂ ಪೋಷಕರಿಗೂ ಸಮಾಧಾನವಾಗುತ್ತದೆ, ಮುಂದಿನ ತಿಂಗಳು ಎಲ್ಲ ಬಗೆಯ ಲೆಕ್ಕಗಳು ಬೆರೆತು ಬಂದಾಗ ಅದೇ ಮಗು ತಡಬಡಾಯಿಸುತ್ತದೆ.

ವಿಷಯ ಒಂದು ಅಧ್ಯಾಯಕ್ಕೆ ಸೀಮಿತವಾದದ್ದೂ ಅಲ್ಲ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಸೀಗ್ಲರ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳ ದೀರ್ಘಾವಧಿಯ ದತ್ತಾಂಶವನ್ನು ಪರಿಶೀಲಿಸಿ, ಪ್ರಾಥಮಿಕ ಹಂತದ ಕೊನೆಯಲ್ಲಿ ಭಿನ್ನರಾಶಿ ಮತ್ತು ಭಾಗಾಕಾರದ ಮೇಲೆ ಇರುವ ಹಿಡಿತವು ಐದಾರು ವರ್ಷಗಳ ನಂತರದ ಬೀಜಗಣಿತದ ಸಾಧನೆಯೊಂದಿಗೆ ಗಾಢವಾಗಿ ಹೆಣೆದುಕೊಂಡಿರುವುದನ್ನು, ಬುದ್ಧಿಮತ್ತೆ ಹಾಗೂ ಕುಟುಂಬದ ಆದಾಯದ ಪ್ರಭಾವವನ್ನು ಬೇರ್ಪಡಿಸಿ ನೋಡಿದ ಮೇಲೂ, ಗುರುತಿಸಿತು.

ಹಾಗಾದರೆ ಅಭ್ಯಾಸವನ್ನು ಎಲ್ಲಿಂದ ತೊಡಗಬೇಕು? ಬಣ್ಣ ಹಚ್ಚಿದ ಚಿತ್ರ ನೋಡಿ ಭಿನ್ನರಾಶಿ ಬರೆಯುವ ಲೆಕ್ಕಗಳಿಂದ ತೊಡಗುವುದು ರೂಢಿ. ಅದರಲ್ಲಿ ತಪ್ಪೇನಿಲ್ಲ, ಆದರೆ ಆ ಚಿತ್ರಗಳು ಯಾವಾಗಲೂ ಅಚ್ಚುಕಟ್ಟಾಗಿ ಸಮಭಾಗ ಮಾಡಿಟ್ಟವಾಗಿರುವುದರಿಂದ ಮಗುವಿಗೆ ಎಣಿಕೆಯೊಂದನ್ನು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಒಂದು ಚೌಕವನ್ನು ನಡುವೆ ಗೆರೆ ಎಳೆದು ಎರಡಾಗಿಸಿ, ಬಲಗಡೆಯ ಅರ್ಧವನ್ನು ಮಾತ್ರ ಮತ್ತೆ ಎರಡು ಸಮಭಾಗ ಮಾಡಿ, ಅದರಲ್ಲಿ ಒಂದಕ್ಕೆ ಬಣ್ಣ ಹಚ್ಚಿ ಕೇಳಿ ನೋಡಿ. ಮೂರು ತುಂಡು ಕಾಣುವುದರಿಂದ ಅನೇಕ ಮಕ್ಕಳು 1/3 ಎನ್ನುತ್ತಾರೆ. ಬಣ್ಣದ ತುಂಡಿನಂಥವು ಎಷ್ಟು ಸೇರಿದರೆ ಪೂರ್ಣ ಚೌಕ ತುಂಬುತ್ತದೆ ಎಂದು ಕೇಳಿದಾಗ ಅವರೇ ನಾಲ್ಕು ಎಂದು ತಿದ್ದಿಕೊಳ್ಳುತ್ತಾರೆ. ಇಂಥ ಎರಡು ಚಿತ್ರಗಳು ಸಮಭಾಗದ ಇಪ್ಪತ್ತು ಚಿತ್ರಗಳಿಗಿಂತ ಹೆಚ್ಚು ಕಲಿಸುತ್ತವೆ.

ಚಿತ್ರದ ಆಯ್ಕೆಯೂ ಮುಖ್ಯ. ವೃತ್ತ ನೋಡಲು ಚೆಂದ. ಅರ್ಧ, ಕಾಲು ಮಾಡುವುದೂ ಸುಲಭ. ಆದರೆ ಐದು ಅಥವಾ ಏಳು ಸಮಭಾಗ ಮಾಡಲು ಮಗುವಿನಿಂದ ಆಗುವುದಿಲ್ಲ, ಒಂದಕ್ಕಿಂತ ದೊಡ್ಡ ಭಿನ್ನರಾಶಿಯನ್ನು ತೋರಿಸುವಾಗಲೂ ಅದು ತೊಡಕಾಗುತ್ತದೆ. ಉದ್ದನೆಯ ಕಾಗದದ ಪಟ್ಟಿ ಇದಕ್ಕಿಂತ ಎಷ್ಟೋ ಮೇಲು. ಒಂದೇ ಉದ್ದದ ಪಟ್ಟಿಗಳನ್ನು ಮಡಿಚಿ ಎರಡು, ಮೂರು, ನಾಲ್ಕು, ಆರು, ಎಂಟು ಭಾಗ ಮಾಡಿ ಒಂದರ ಕೆಳಗೊಂದು ಇಟ್ಟರೆ 1/2, 2/4, 4/8 ಒಂದೇ ನೇರದಲ್ಲಿ ನಿಲ್ಲುವುದು ಕಣ್ಣಿಗೆ ಕಾಣುತ್ತದೆ. ಸಮಾನ ಭಿನ್ನರಾಶಿಯ ನಿಯಮವನ್ನು ಇದಾದ ಮೇಲೆ ಹೇಳಿದರೆ ಮಗು ಅದನ್ನು ತಾನು ನೋಡಿದ್ದರ ವಿವರಣೆಯಾಗಿ ಸ್ವೀಕರಿಸುತ್ತದೆ. ಮೊದಲೇ ಹೇಳಿದರೆ ಕೆಲವೇ ದಿನಗಳಲ್ಲಿ ಗುಣಾಕಾರದ ಜಾಗದಲ್ಲಿ ಸಂಕಲನ ನುಸುಳಿ, 1/2ರ ಅಂಶಕ್ಕೂ ಛೇದಕ್ಕೂ ಒಂದೊಂದು ಕೂಡಿ 2/3 ಮಾಡಿ, ಎರಡೂ ಸಮಾನ ಎಂದು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಸಿಗುತ್ತಾರೆ.

ಪಟ್ಟಿಯಿಂದ ಸಂಖ್ಯಾರೇಖೆಗೆ ಹೋಗುವ ದಾರಿ ಹತ್ತಿರದ್ದು, ಆದರೆ ಅಲ್ಲಿಯೂ ಎರಡು ಕಡೆ ಮಕ್ಕಳು ಎಡವುತ್ತಾರೆ. ನಾಲ್ಕು ಸಮಭಾಗ ಮಾಡು ಎಂದರೆ 0 ಮತ್ತು 1ರ ನಡುವೆ ನಾಲ್ಕು ಗೀಟು ಎಳೆದು ಐದು ಭಾಗ ಮಾಡಿಬಿಡುತ್ತಾರೆ. ಎಣಿಸಬೇಕಾದದ್ದು ಗೀಟುಗಳನ್ನಲ್ಲ, ಗೀಟುಗಳ ನಡುವಿನ ಅಂತರವನ್ನು. ಎರಡನೆಯದು ಇನ್ನೂ ಆಳದ್ದು. 0ಯಿಂದ 2ರವರೆಗೆ ಎಳೆದ ರೇಖೆಯ ಮೇಲೆ 1/2ನ್ನು ಗುರುತಿಸಲು ಹೇಳಿದರೆ ಹಲವರು 1 ಇರುವ ಜಾಗವನ್ನೇ ತೋರಿಸುತ್ತಾರೆ, ಏಕೆಂದರೆ ಅವರು ರೇಖೆಯ ಅರ್ಧವನ್ನು ಹುಡುಕುತ್ತಿದ್ದಾರೆಯೇ ಹೊರತು 1/2 ಎಂಬ ಸಂಖ್ಯೆಯನ್ನಲ್ಲ. ಆದ್ದರಿಂದ 0–1ರ ರೇಖೆಯೊಂದನ್ನೇ ಬಳಸುವ ಅಭ್ಯಾಸ ಸಾಲದು. 0–2, 0–3ರ ರೇಖೆಗಳೂ ಬೇಕು. ಅವುಗಳ ಮೇಲೆ ಕಾಲು ಕಾಲಾಗಿ ಗಟ್ಟಿಯಾಗಿ ಎಣಿಸುತ್ತ 1/4, 2/4, 3/4, 4/4, 5/4, 6/4 ಎಂದು ಮುಂದೆ ಸಾಗುವ ಎಣಿಕೆ ದಿನವೂ ಬೇಕು. ನಾಲ್ಕು ಭಾಗದಲ್ಲಿ ಐದು ಭಾಗ ತೆಗೆಯುವುದು ಹೇಗೆ ಎಂದು ವಿಷಮ ಭಿನ್ನರಾಶಿಯ ಮುಂದೆ ಕಂಗಾಲಾಗುವ ಮಗು, ಹೀಗೆ ಎಣಿಸಿ ಬಂದಿದ್ದರೆ 5/4ನ್ನು ಒಂದನ್ನು ದಾಟಿ ಇನ್ನೊಂದು ಕಾಲು ಎಂದು ಸರಾಗವಾಗಿ ಹೇಳುತ್ತದೆ.

ಹಿಮ್ಮುಖ ಪ್ರಶ್ನೆಗಳಿಗೆ ಪಠ್ಯಪುಸ್ತಕಗಳಲ್ಲಿ ಸಿಗುವ ಜಾಗ ಅವುಗಳ ಯೋಗ್ಯತೆಗೆ ತೀರ ಕಡಿಮೆ. ಒಂದು ಪಟ್ಟಿಯನ್ನು ಕೊಟ್ಟು ಇದು 3/4, ಪೂರ್ಣ ಪಟ್ಟಿಯನ್ನು ಬರೆ ಎಂದು ಹೇಳಬೇಕು. ಮಗು ಕಣ್ಣಿಗೆ ಕಾಣುವ 4ನ್ನು ಹಿಡಿದು ಪಟ್ಟಿಯನ್ನು ನಾಲ್ಕು ಭಾಗ ಮಾಡಲು ಹೊರಟರೆ ಛೇದದ ಅರ್ಥ ಇನ್ನೂ ಕೂತಿಲ್ಲ ಎಂದೇ ತಿಳಿಯಬೇಕು; ಮೂರು ಭಾಗ ಮಾಡಿ ಅಂಥದೇ ಇನ್ನೊಂದನ್ನು ಸೇರಿಸಿದರೆ ಕೂತಿದೆ. ಮುಂದಿನ ಸಲ ಪಟ್ಟಿಯನ್ನು 5/4 ಎಂದು ಕೊಡಬಹುದು. ಸ್ವಲ್ಪ ದೊಡ್ಡ ಮಕ್ಕಳಿಗೆ, ಒಂದು ಸಂಖ್ಯೆಯ 3/5 ಭಾಗ 12 ಆದರೆ ಆ ಸಂಖ್ಯೆ ಯಾವುದು ಎಂಬುದು ಇದೇ ಪ್ರಶ್ನೆಯ ಇನ್ನೊಂದು ರೂಪ.

ಹೋಲಿಕೆಯ ಲೆಕ್ಕಗಳಲ್ಲಿ ಓರೆ ಗುಣಾಕಾರವನ್ನು, ಅಂದರೆ ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸಿ ಹೋಲಿಸುವುದನ್ನು, ಬೇಗ ಕಲಿಸಿಬಿಡುವುದಕ್ಕೆ ನನ್ನ ವಿರೋಧವಿದೆ. ಅದು ಸರಿಯಾದ ವಿಧಾನವೇ, ವೇಗವೂ ಇದೆ. ಆದರೆ ಅದು ಕೈಗೆ ಸಿಕ್ಕಿದ ಮೇಲೆ ಮಗು ಬೆಲೆಯ ಬಗ್ಗೆ ಯೋಚಿಸುವುದನ್ನೇ ನಿಲ್ಲಿಸುತ್ತದೆ. ಅದಿಲ್ಲದೆ, ಒಂದೊಂದು ಜೋಡಿಗೆ ಒಂದೊಂದು ಬಗೆಯ ತರ್ಕ ಬೇಕಾಗುವಂತೆ ಜೋಡಿಗಳನ್ನು ಆರಿಸಬೇಕು. 3/7 ಮತ್ತು 5/7ರಲ್ಲಿ ಭಾಗಗಳ ಗಾತ್ರ ಒಂದೇ, ಆದ್ದರಿಂದ ಸಂಖ್ಯೆ ನೋಡಿದರೆ ಸಾಕು. 4/9 ಮತ್ತು 4/11ರಲ್ಲಿ ಭಾಗಗಳ ಸಂಖ್ಯೆ ಒಂದೇ, ಗಾತ್ರ ಬೇರೆ. 3/8 ಮತ್ತು 5/9ರಲ್ಲಿ ಒಂದು ಅರ್ಧಕ್ಕಿಂತ ಕಡಿಮೆ, ಇನ್ನೊಂದು ಅರ್ಧಕ್ಕಿಂತ ಹೆಚ್ಚು. 17/35 ಮತ್ತು 12/23 ನೋಡಲು ಹೆದರಿಸುವಂತಿದ್ದರೂ ಅದೇ ಅರ್ಧದ ಅಳತೆಗೋಲಿನಲ್ಲಿ ಕ್ಷಣದಲ್ಲಿ ಬಗೆಹರಿಯುತ್ತವೆ. 7/8 ಮತ್ತು 9/10ರಲ್ಲಿ ಎರಡಕ್ಕೂ ಒಂದೊಂದು ಭಾಗ ಕೊರತೆ. 9/10ರ ಕೊರತೆ ಚಿಕ್ಕದು, ಆದ್ದರಿಂದ ಅದೇ ದೊಡ್ಡದು. ಈ ಕೊನೆಯ ಜೋಡಿಯನ್ನು ಬಿಡಬಾರದು, ಏಕೆಂದರೆ ಎರಡಕ್ಕೂ ಒಂದೇ ಭಾಗ ಕಡಿಮೆಯಿರುವುದರಿಂದ ಎರಡೂ ಸಮ ಎಂಬ ತೀರ್ಮಾನಕ್ಕೆ ಬರುವ ಮಕ್ಕಳು ಜಾಣರ ಸಾಲಿನಲ್ಲಿಯೂ ಇರುತ್ತಾರೆ. ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು ಎಂಬ ಅರ್ಧಸತ್ಯವನ್ನು ಸೂತ್ರದಂತೆ ಬಾಯಿಪಾಠ ಮಾಡಿಸುವುದೂ ಅಪಾಯವೇ. ಅದನ್ನು ನಂಬಿದ ಮಗು 2/3 ಎಂಬುದು 7/8ಕ್ಕಿಂತ ದೊಡ್ಡದು ಎಂದು ಧೈರ್ಯವಾಗಿ ಬರೆಯುತ್ತದೆ.

ಸಂಕಲನಕ್ಕೆ ಬಂದರೆ, 1/2 + 1/3 = 2/5 ಎಂಬ ತಪ್ಪಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಕೆಂಪು ಶಾಯಿಯಲ್ಲಿ ಗೀಟು ಹಾಕಿ, ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆಯಲು ಹೇಳಿ ಮುಂದೆ ಹೋದರೆ ಈ ತಪ್ಪು ಮತ್ತೆ ಮತ್ತೆ ಮರಳುತ್ತದೆ, ಏಕೆಂದರೆ ಅದಕ್ಕೆ ತನ್ನದೇ ಆದ ಒಂದು ನ್ಯಾಯವಿದೆ. ಮೊದಲ ಕಿರುಪರೀಕ್ಷೆಯ 2 ಪ್ರಶ್ನೆಗಳಲ್ಲಿ 1 ಸರಿ, ಎರಡನೆಯದರ 3 ಪ್ರಶ್ನೆಗಳಲ್ಲಿ 1 ಸರಿ ಆದರೆ ಒಟ್ಟು 5ರಲ್ಲಿ 2 ಸರಿ ಎನ್ನುವುದು ನಿಜವೇ ತಾನೆ? ಅಲ್ಲಿ ಪೂರ್ಣವೇ ಬದಲಾಗುತ್ತ ಹೋಗುತ್ತದೆ: ಮೊದಲು ಎರಡು ಪ್ರಶ್ನೆ, ಆಮೇಲೆ ಮೂರು, ಕೊನೆಗೆ ಐದು. ಸಂಖ್ಯೆಗಳ ಸಂಕಲನದಲ್ಲಿ ಹಾಗಲ್ಲ. 1/2 ಮತ್ತು 1/3 ಒಂದೇ ಪೂರ್ಣದ ಭಾಗಗಳು, ಮೊತ್ತವೂ ಅದೇ ಪೂರ್ಣದ ಭಾಗ. ಧನ ಭಿನ್ನರಾಶಿಗಳೆರಡು ಬೇರೆ ಬೇರೆ ಬೆಲೆಯವಾಗಿದ್ದರೆ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದಾಗ ಬರುವ ಸಂಖ್ಯೆ ಯಾವಾಗಲೂ ಅವೆರಡರ ನಡುವೆಯೇ ಬೀಳುತ್ತದೆ ಎಂಬುದು ಸ್ವಾರಸ್ಯದ ಸಂಗತಿ. 2/5 ಕೂಡ 1/3 ಮತ್ತು 1/2ರ ನಡುವಿನ ಸಂಖ್ಯೆ. ಅಂದಮೇಲೆ ಮಗುವಿಗೆ ಕೇಳಬೇಕಾದ ಪ್ರಶ್ನೆ ಒಂದೇ: ನಿನ್ನಲ್ಲಿ ಆಗಲೇ 1/2 ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆ? ಪಟ್ಟಿಗಳನ್ನು ಬಳಸಿ ಬಂದ ಮಗುವಿಗೆ 2/5 ಅರ್ಧಕ್ಕಿಂತ ಕಡಿಮೆ ಎಂದು ಕಾಣುತ್ತದೆ, ತಪ್ಪು ಎಲ್ಲಿದೆ ಎಂದು ತಾನೇ ಹುಡುಕತೊಡಗುತ್ತದೆ.

ಈ ಕಾರಣಕ್ಕೇ ಪ್ರತಿ ಲೆಕ್ಕದ ಪಕ್ಕದಲ್ಲಿ ಉತ್ತರಕ್ಕೆ ಮುಂಚೆ ಒಂದು ಅಂದಾಜು ಬರೆಸುವುದು ಒಳ್ಳೆಯದು. ಉತ್ತರ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ, ಒಂದನ್ನು ದಾಟುತ್ತದೋ ಇಲ್ಲವೋ ಎಂಬಷ್ಟು ಸಾಕು. 4/9 + 3/8ರಲ್ಲಿ ಎರಡೂ ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಮೊತ್ತ ಒಂದನ್ನು ದಾಟದು. 5/8 + 1/2 ದಾಟುತ್ತದೆ. ಛೇದಗಳ ಕ್ರಮವನ್ನೂ ಯೋಚಿಸಿ ಆರಿಸಬೇಕು. ಸಮಛೇದದ ಲೆಕ್ಕಗಳಿಂದ ನೇರವಾಗಿ 3/5 + 2/7ಕ್ಕೆ ಹಾರುವ ಬದಲು, 2/3 + 1/6ರಂತೆ ಒಂದು ಛೇದ ಇನ್ನೊಂದರ ಅಪವರ್ತ್ಯವಾಗಿರುವ ಲೆಕ್ಕಗಳಲ್ಲಿ ಕೆಲವು ವಾರ ಕಳೆಯುವುದು ಲಾಭದಾಯಕ. ದಿನಕ್ಕೆ ಐದಾರು ಲೆಕ್ಕ, ಅವುಗಳಲ್ಲಿ ಎರಡು ಹಳೆಯ ಪಾಠದವು, ಒಂದು ಹೋಲಿಕೆ, ಒಂದು ರೇಖೆಯ ಮೇಲೆ ಗುರುತಿಸುವಂಥದು ಎಂಬ ಬೆರಕೆ ಇದ್ದರೆ, ಯಾವ ಲೆಕ್ಕಕ್ಕೆ ಯಾವ ವಿಧಾನ ಎಂದು ತೀರ್ಮಾನಿಸುವ ಕೆಲಸ ಮಗುವಿನ ಪಾಲಿಗೆ ಉಳಿಯುತ್ತದೆ. ಅಭ್ಯಾಸದಲ್ಲಿ ಅತಿ ಮುಖ್ಯವಾದದ್ದು ಆ ತೀರ್ಮಾನವೇ.

ಮಿಶ್ರ ಭಿನ್ನರಾಶಿಗಳ ವ್ಯವಕಲನದಲ್ಲಿ ಸಂಖ್ಯಾರೇಖೆ ಮತ್ತೆ ನೆರವಿಗೆ ಬರುತ್ತದೆ. 3¼ − 1¾ಕ್ಕೆ 2½ ಎಂದು ಬರೆಯುವ ಮಗು ಕಾಲಿನಿಂದ ಮುಕ್ಕಾಲನ್ನು ಕಳೆಯಲಾಗದೆ ಮುಕ್ಕಾಲಿನಿಂದ ಕಾಲನ್ನು ಕಳೆದಿರುತ್ತದೆ. 1¾ರಿಂದ 2ಕ್ಕೆ ಕಾಲು, 2ರಿಂದ 3ಕ್ಕೆ ಒಂದು, ಅಲ್ಲಿಂದ 3¼ಕ್ಕೆ ಇನ್ನೊಂದು ಕಾಲು ಎಂದು ರೇಖೆಯ ಮೇಲೆ ನಡೆದರೆ ಒಂದೂವರೆ ತಾನಾಗಿ ಬರುತ್ತದೆ.

ಭಾಗಾಕಾರವನ್ನು ಪ್ರಾಥಮಿಕ ಹಂತದಲ್ಲಿ ಎಷ್ಟು ದೂರ ಒಯ್ಯಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಭಾಜಕವನ್ನು ತಲೆಕೆಳಗು ಮಾಡಿ ಗುಣಿಸು ಎಂಬ ಸೂತ್ರವನ್ನು ಮುಂದಕ್ಕೆ ತಳ್ಳಿ, ಇದರಲ್ಲಿ ಅಂಥವು ಎಷ್ಟಿವೆ ಎಂಬ ಅರ್ಥದಲ್ಲಿ ಮಾತ್ರ ಅಭ್ಯಾಸ ಮಾಡಿಸುವುದು ನನಗೆ ಒಪ್ಪಿಗೆಯಾದ ದಾರಿ. 6 ÷ 1/2 ಎಂದರೆ ಆರರಲ್ಲಿ ಎಷ್ಟು ಅರ್ಧಗಳಿವೆ, ಹನ್ನೆರಡು. 3/4 ÷ 1/8 ಎಂದರೆ 6/8ರಲ್ಲಿ ಎಷ್ಟು 1/8ಗಳಿವೆ, ಆರು. ಭಾಗಿಸಿದರೆ ಉತ್ತರ ಚಿಕ್ಕದಾಗಲೇಬೇಕು ಎಂಬ, ಪೂರ್ಣ ಸಂಖ್ಯೆಗಳ ಕಾಲದ ನಂಬಿಕೆ ಇಲ್ಲಿ ಸಡಿಲವಾಗುತ್ತದೆ. ಇದು ಗಟ್ಟಿಯಾದ ಮೇಲೆ 2 ÷ 3/4ನ್ನು ಕೊಡಬಹುದು. ರೇಖೆಯ ಮೇಲೆ ಮುಕ್ಕಾಲು ಮುಕ್ಕಾಲಿನ ಎರಡು ಜಿಗಿತಗಳು 1½ಕ್ಕೆ ತಲುಪುತ್ತವೆ, 2ರವರೆಗೆ ಇನ್ನೂ ಅರ್ಧ ಉಳಿಯುತ್ತದೆ. ತರಗತಿಯ ಬಹುಪಾಲು ಮಕ್ಕಳು ಉತ್ತರ 2½ ಎನ್ನುತ್ತಾರೆ, ಸೂತ್ರ ಬಲ್ಲ ಒಬ್ಬಿಬ್ಬರು 2⅔ ಎನ್ನುತ್ತಾರೆ, ಯಾರು ಸರಿ ಎಂಬ ವಾದ ಶುರುವಾಗುತ್ತದೆ. ಶಿಕ್ಷಕರು ಆಗ ಆತುರಪಟ್ಟು ತೀರ್ಪು ಕೊಡದೆ, ಉಳಿದ ತುಂಡು ಒಂದರಲ್ಲಿ ಎಷ್ಟನೇ ಭಾಗ, ಒಂದು ಜಿಗಿತದಲ್ಲಿ ಎಷ್ಟನೇ ಭಾಗ ಎಂಬ ಎರಡು ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಮಕ್ಕಳು ಮುಕ್ಕಾಲಿನ ಜಿಗಿತವನ್ನು ಮೂರು ಕಾಲುಗಳಾಗಿ ಒಡೆದು ನೋಡುವವರೆಗೆ ಕಾಯುವುದು ಒಳಿತು.